ನೆಲಮಾಳಿಗೆಯ ಗೋಡೆ ಮತ್ತು ಗಣಕಯಂತ್ರದ ನಕ್ಷೆ

ಹಳೆಯ ಮನೆಯೂ ಇತಿಹಾಸದ ಆಕರವೆಂಬುದನ್ನು ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಪ್ರತ್ಯೇಕ ಗ್ರಾಮವಾಗಿದ್ದು ಈಗ ದಾವಣಗೆರೆ ನಗರದಲ್ಲಿ ಸೇರಿಹೋಗಿರುವ ಶಾಮನೂರಿನಂತಹ ಸ್ಥಳಗಳಲ್ಲಿ ಹಳೆಯ ಮನೆಗಳು ಹೊಸ ಕಟ್ಟಡಗಳಿಗೆ ಎಡೆಗೊಡುತ್ತಿವೆ. ಮನೆ ಹೋದ ಮೇಲೆ ಉಳಿಯುವುದು ನಾವು ಬರೆದುಕೊಂಡ ನಕ್ಷೆ ಮಾತ್ರ. ಇಂತಹ ನಕ್ಷೆಯನ್ನು ಗೃಹವಿನ್ಯಾಸದ ಸಾಫ್ಟ್‌ವೇರಿನಲ್ಲಿ ಬರೆಯುವಾಗ ನೆಲಮಾಳಿಗೆಯ ಗೋಡೆಯಲ್ಲಿ ತಲೆದೋರುವ ದೋಷವನ್ನೂ ಅದರ ಪರಿಹಾರವನ್ನೂ ಇಲ್ಲಿ ವಿವರಿಸುತ್ತೇವೆ.

ಶಾಮನೂರಿನ ಒಂದು ಮನೆಯನ್ನು ನಮ್ಮ ವಿದ್ಯಾರ್ಥಿಗಳು ಅಳೆದು, ಉಚಿತವಾಗಿ ದೊರೆಯುವ ‘ಸ್ವೀಟ್ ಹೋಮ್ 3ಡಿ’ಯಲ್ಲಿ ನಕ್ಷೆ ಬರೆದರು. ಲೆಕ್ಕದ ಸೌಕರ್ಯಕ್ಕಾಗಿ ಅಳತೆಗಳನ್ನು ಇಲ್ಲಿ ಸರಳಗೊಳಿಸಿದ್ದೇವೆ. ನೆಲಮಾಳಿಗೆಯ ಒಳ ಎತ್ತರ 7 ಅಡಿ; ತೊಲೆ, ಜಂತೆ, ಮಣ್ಣು ಸೇರಿ ಅದರ ಮೇಲಿನ ನೆಲದ ದಪ್ಪ 9 ಅಂಗುಲ; ಆ ನೆಲವು ಬೀದಿಗಿಂತ 2 ಅಡಿ ಎತ್ತರ. ಚಿತ್ರವನ್ನು ತೆರೆದಾಗ ನೆಲಮಾಳಿಗೆಯ ಗೋಡೆಗಳು ನಡುಮನೆಯ ನೆಲವನ್ನು ಸೀಳಿ 38.10 ಸೆಂಟಿಮೀಟರು ಮೇಲಕ್ಕೆ ಎದ್ದು ನಿಂತಿದ್ದವು.

ಇದಕ್ಕೆ ಸುಲಭವಾದ ಉಪಾಯವೊಂದುಂಟು. ಗೋಡೆಯ ಎತ್ತರವನ್ನು 213.36ರಿಂದ 152.40 ಸೆಂಟಿಮೀಟರಿಗೆ ಇಳಿಸಿದರೆ ಚಿತ್ರವು ನಿರ್ದುಷ್ಟವಾಗಿ ಕಾಣುವುದು. ಆದರೆ ಆಗ ನೆಲಮಾಳಿಗೆಯ ಎತ್ತರ ಕೇವಲ 5 ಅಡಿಯಾಗುವುದು. ಮುಂದೆ ಈ ನಕ್ಷೆಯನ್ನು ನೋಡಿದವರು, ಅಲ್ಲಿ ಮನುಷ್ಯನು ನೆಟ್ಟಗೆ ನಿಲ್ಲಲಾರನು, ಆದುದರಿಂದ ಅದು ಧಾನ್ಯವಿಡುವ ಸ್ಥಳವೇ ಹೊರತು ವಾಸದ ಕೋಣೆಯಲ್ಲ ಎಂದು ನಿರ್ಣಯಿಸುವರು. ಇಲ್ಲದ ಪ್ರಮಾಣವೊಂದನ್ನು ನಾವೇ ಸೃಷ್ಟಿಸಿದಂತಾಗುವುದು.

ನಿಜವಾದ ದೋಷವಿದ್ದುದು ಗೋಡೆಯಲ್ಲಲ್ಲ, ಅಳತೆಯ ಮೂಲದಲ್ಲಿ. ನೆಲಮಾಳಿಗೆಯ ಆಳವನ್ನು ಬೀದಿಯ ಮಟ್ಟದಿಂದ ಎಣಿಸಿ −175.26 ಎಂದು ಬರೆದಿದ್ದರು. ನಡುಮನೆಯ ಮಟ್ಟವನ್ನೋ ಸೊನ್ನೆಯಲ್ಲಿಯೇ ಬಿಟ್ಟಿದ್ದರು. ಸಾಫ್ಟ್‌ವೇರಿನಲ್ಲಿ ಸೊನ್ನೆಯೆಂದರೆ ಹೊರಗಿನ ಭೂಮಿಯ ಮಟ್ಟ. ನಡುಮನೆಯನ್ನು 60.96ಕ್ಕೆ ಏರಿಸಿದೊಡನೆ ಎಲ್ಲವೂ ಹೊಂದಿಕೊಂಡಿತು. ಸೂತ್ರವಿಷ್ಟೆ: ಕೆಳಗಿನ ಮಟ್ಟ, ಗೋಡೆಯ ಎತ್ತರ, ಮೇಲಿನ ನೆಲದ ದಪ್ಪ, ಈ ಮೂರನ್ನು ಕೂಡಿದರೆ ಮೇಲಿನ ಮಟ್ಟ ಬರಬೇಕು. ಇಲ್ಲಿ −175.26, 213.36, 22.86 ಇವುಗಳ ಮೊತ್ತ 60.96.

ಎರಡನೆಯ ತೊಡಕು ಗೋಡೆಯ ದಪ್ಪಕ್ಕೆ ಸಂಬಂಧಿಸಿದುದು. ಕೆಳಗಿನ ಗೋಡೆ 30 ಅಂಗುಲ, ಮೇಲಿನದು 18 ಅಂಗುಲವೆಂದಿಟ್ಟುಕೊಳ್ಳೋಣ. ಸಾಫ್ಟ್‌ವೇರು ಗೋಡೆಯನ್ನು ಅದರ ನಡುಗೆರೆಯ ಮೇಲೆ ಎಳೆಯುತ್ತದೆ. ಒಂದೇ ಗೆರೆಯ ಮೇಲೆ ಎರಡನ್ನೂ ಇಟ್ಟರೆ ಎರಡು ಪಕ್ಕಗಳಲ್ಲಿಯೂ 6 ಅಂಗುಲದ ಮೆಟ್ಟಿಲು ಕಾಣುವುದು. ಹೊರಮೈ ಒಂದೇ ಸಮನಾಗಿದ್ದರೆ ಮೇಲಿನ ಗೋಡೆಯ ನಡುಗೆರೆಯನ್ನು 6 ಅಂಗುಲ, ಎಂದರೆ 15.24 ಸೆಂಟಿಮೀಟರು, ಹೊರಕ್ಕೆ ಸರಿಸಬೇಕು. ಯಾವ ಮೈ ಸಮನೆಂಬುದನ್ನು ಯಂತ್ರವು ಹೇಳಲಾರದು. ಸ್ಥಳದಲ್ಲಿ ನೋಡಿಯೇ ಬರೆಯಬೇಕು.

ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ನೆರೆಯ ಹರಿಹರದ ಶಾಸನಗಳನ್ನು ನಮ್ಮ ವಿದ್ಯಾರ್ಥಿಗಳು ಓದುತ್ತಾರೆ. ಶಾಸನದ ಸವೆದ ಅಕ್ಷರವನ್ನು ಸಂಪಾದಕನು ತನ್ನ ಊಹೆಯಿಂದ ಗುಟ್ಟಾಗಿ ತುಂಬಬಾರದೆಂಬುದು ಅವರಿಗೆ ತಿಳಿದ ನಿಯಮ. ಗೋಡೆಗೂ ಅದೇ ನಿಯಮ ಸಲ್ಲಬೇಕು. ಅಳತೆ ಹೊಂದದಿದ್ದಲ್ಲಿ ಚಿತ್ರವನ್ನು ತಿದ್ದುವುದಕ್ಕೆ ಮೊದಲು, ಮನೆಯಿನ್ನೂ ನಿಂತಿರುವಾಗಲೇ, ಅಳತೆಪಟ್ಟಿಯೊಡನೆ ಮತ್ತೊಮ್ಮೆ ಅಲ್ಲಿಗೆ ಹೋಗುವುದು ಲೇಸು.