ಬ್ಯಾಂಕಿನಲ್ಲಿ ಹಣ ನಿಂತರೂ ಹಸುವಿಗೆ ಹಿಂಡಿ ನಿಲ್ಲಿಸಬೇಡಿ

ದನ ನೋಡುವ ಡಾಕ್ಟರಿಗೆ ಬ್ಯಾಂಕಿನ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಇದೆ. ಮನೆಯಲ್ಲಿ ಕೈ ಕಟ್ಟಿದಾಗ ಮೊದಲು ಕಡಿಮೆಯಾಗುವುದು ಕೊಟ್ಟಿಗೆಯ ಪಶು ಆಹಾರ. ಅದರ ಪರಿಣಾಮ ಕಂಡಾಗ ಕರೆ ಬರುವುದು ನಮಗೇ.

2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ಖಾತೆಯಲ್ಲಿ ಎಷ್ಟೇ ಲಕ್ಷ ಇದ್ದರೂ ತೆಗೆಯಲು ಬಿಟ್ಟದ್ದು 35,000 ರೂಪಾಯಿ. ಅದೇ ವರ್ಷ ಮಾರ್ಚ್‌ನಲ್ಲಿ ಯೆಸ್ ಬ್ಯಾಂಕಿನ ಗ್ರಾಹಕರಿಗೆ ಮಿತಿ 50,000 ರೂಪಾಯಿ ಆಗಿತ್ತು. ಅದು ಎರಡು ವಾರದೊಳಗೆ ತೆರವಾಯಿತು. ಎಲ್ಲ ಕಡೆ ಹಾಗೆ ಬೇಗ ಬಿಡುಗಡೆ ಆಗುವುದಿಲ್ಲ. ತಿಂಗಳುಗಟ್ಟಲೆ ಹಣ ಸಿಗದು ಎಂದೇ ಲೆಕ್ಕ ಹಾಕಿ ಹೊರಡಿ.

ವಾಟ್ಸಾಪ್ ಸುದ್ದಿ ನೋಡಿ ಗಾಬರಿ ಬೀಳಬೇಡಿ. ಸರ್ವರ್ ಕೆಟ್ಟ ದಿನವೂ ‘ಬ್ಯಾಂಕ್ ಮುಳುಗಿತು’ ಎನ್ನುವವರಿದ್ದಾರೆ. ರಿಸರ್ವ್ ಬ್ಯಾಂಕಿನ ಆದೇಶ ನಿಜವಾಗಿಯೂ ಬಂದಿದ್ದರೆ ಅದರ ಪ್ರತಿಯನ್ನು ಬ್ಯಾಂಕಿನಲ್ಲಿ ಹಾಕಿರುತ್ತಾರೆ, ಪತ್ರಿಕೆಗಳಲ್ಲೂ ಬರುತ್ತದೆ. ಎಷ್ಟು ತೆಗೆಯಬಹುದು ಎಂಬುದೂ ಅದರಲ್ಲೇ ಇರುತ್ತದೆ.

ಸುದ್ದಿ ನಿಜವಾದರೆ ಬ್ಯಾಂಕಿನ ಮುಂದೆ ಸಾಲು ನಿಲ್ಲುವ ಮೊದಲು ಡೇರಿಗೆ ಹೋಗಿ. ಒಳಗಿರುವ ಹಣ ಎಲ್ಲಿಗೂ ಓಡುವುದಿಲ್ಲ. ಮುಂದಿನ ಬಟವಾಡೆಯೂ ಅದೇ ಖಾತೆಗೆ ಬಿದ್ದು ಸಿಕ್ಕಿಕೊಳ್ಳಬಾರದು. ಬಟವಾಡೆ ಪಟ್ಟಿ ಬ್ಯಾಂಕಿಗೆ ಹೋಗುವ ಮೊದಲೇ ಕಾರ್ಯದರ್ಶಿಗೆ ಒಂದು ಅರ್ಜಿ ಬರೆದು, ಬೇರೆ ಬ್ಯಾಂಕಿನ ಪಾಸ್‌ಬುಕ್ಕಿನ ಜೆರಾಕ್ಸ್ ಜೊತೆಗೆ ಕೊಡಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಇನ್ನೊಂದು ಖಾತೆಯೇ ಇಲ್ಲದವರು ಇವತ್ತೇ ತೆರೆದಿಡಿ, ನಿಮ್ಮ ಹೆಸರಿನಲ್ಲೇ. ಹಾಲು ಕರೆಯುವವರು ನೀವು, ಖಾತೆ ಯಜಮಾನರದ್ದು ಎನ್ನುವ ಲೆಕ್ಕ ನನಗೆ ಅರ್ಥವಾಗಿಲ್ಲ.

ಹೊಸ ಖಾತೆಗೆ ಆಧಾರ್ ಜೋಡಿಸುವುದನ್ನು ಅನೇಕರು ಮರೆಯುತ್ತಾರೆ. ಸರ್ಕಾರದ ಪ್ರೋತ್ಸಾಹಧನ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ. ಹೊಸ ಬ್ಯಾಂಕಿನಲ್ಲಿ ‘ಸರ್ಕಾರದ ಹಣ ಇನ್ನು ಈ ಖಾತೆಗೇ ಬರಬೇಕು’ ಎಂದು ಬಿಡಿಸಿ ಹೇಳಿ ಫಾರಂ ಕೊಡಿ. ನಿಂತ ಖಾತೆಯಿಂದ ತಾನಾಗಿ ಕಡಿತವಾಗುತ್ತಿದ್ದ ಸಾಲದ ಕಂತು, ಜಾನುವಾರು ವಿಮೆಯ ಹಣ ಇದ್ದರೆ ಅವನ್ನೂ ಬೇರೆ ದಾರಿಯಲ್ಲಿ ಕಟ್ಟಬೇಕು. ವಿಮೆ ತಪ್ಪಿದ ವಾರವೇ ಹಸು ಸತ್ತರೆ ನಾನು ಬರೆದುಕೊಡುವ ಪ್ರಮಾಣಪತ್ರದಿಂದ ಏನೂ ಪ್ರಯೋಜನವಿಲ್ಲ.

ಇನ್ನು ನನ್ನ ಕಸುಬಿನ ಮಾತು. ಕೈಗೆ ಸಿಕ್ಕ ಅಷ್ಟಿಷ್ಟು ದುಡ್ಡಿನಲ್ಲಿ ಯಾವ ಹಸುವಿಗೆ ಎಷ್ಟು ತಿನ್ನಿಸಬೇಕು? ಕರು ಹಾಕಿ ಎರಡು ಮೂರು ತಿಂಗಳಾಗದ ಹಸುವಿನ ಆಹಾರಕ್ಕೆ ಕೈ ಹಾಕಲೇಬೇಡಿ. ಆಗ ಅದು ತಿನ್ನುವುದಕ್ಕಿಂತ ಹೆಚ್ಚು ಶಕ್ತಿಯನ್ನು ಹಾಲಿಗೆ ಕೊಡುತ್ತಿರುತ್ತದೆ. ಹಿಂಡಿ ತಗ್ಗಿಸಿದರೆ ಮೈ ಕರಗಿ ಕೀಟೋಸಿಸ್ ಬರಬಹುದು, ಬೆದೆಗೆ ಬರುವುದು ತಡವಾಗುತ್ತದೆ. ಇಳಿದ ಹಾಲು, ಮುಂದೆ ಎಷ್ಟು ತಿನ್ನಿಸಿದರೂ ಆ ಸೂಲಿನಲ್ಲಿ ಪೂರ್ತಿ ಮೇಲೆ ಬರುವುದು ಕಷ್ಟ. ಮೈ ಪೋಷಣೆಗೆ ಕೊಡುವುದು ಬಿಟ್ಟು, ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಪಶು ಆಹಾರ ಎಂಬ ಲೆಕ್ಕ ತಪ್ಪಬಾರದು. ಕೊನೆಯ ಎರಡು ತಿಂಗಳ ಗಬ್ಬದ ಹಸುವಿಗೂ ಕಡಿಮೆ ಮಾಡಬೇಡಿ. ಉಳಿತಾಯ ಮಾಡಲೇಬೇಕೆಂದರೆ ಹಾಲು ಇಳಿಯುತ್ತಿರುವ, ಮೈ ತುಂಬಿಕೊಂಡಿರುವ ಹಸುವಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ, ಹಸಿರು ಮೇವು ಹೆಚ್ಚಿಸಿ. ಪಶು ಆಹಾರವನ್ನು ಡೇರಿಯಿಂದಲೇ ತಂದು, ಹಣವನ್ನು ಬಟವಾಡೆಯಲ್ಲಿ ಹಿಡಿದುಕೊಳ್ಳಲು ಆಗುತ್ತದೆಯೇ ಎಂದು ಕಾರ್ಯದರ್ಶಿಯನ್ನು ಕೇಳಿ. ಬ್ಯಾಂಕಿನ ಸುದ್ದಿ ಹರಡಿದ ವಾರ ದಲ್ಲಾಳಿಗಳು ಊರಿಗೆ ಬರುತ್ತಾರೆ. ಗಬ್ಬದ ಹಸುವನ್ನು ಅರ್ಧ ಬೆಲೆಗೆ ಹೊಡೆದು ಕಳಿಸಬೇಡಿ.

ನಿಂತ ಹಣಕ್ಕೆ ಠೇವಣಿ ವಿಮೆ ಇದೆ. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು, ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು ಎಲ್ಲಕ್ಕೂ ಅನ್ವಯ. 2020ರ ಫೆಬ್ರವರಿಯಲ್ಲಿ ಇದರ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಒಂದೇ ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ನಿಮ್ಮ ಹೆಸರಿನಲ್ಲಿರುವ ಉಳಿತಾಯ, ಠೇವಣಿ, ಬಡ್ಡಿ ಎಲ್ಲ ಸೇರಿಸಿ ಈ 5 ಲಕ್ಷ. ಅದೇ ಬ್ಯಾಂಕಿನಲ್ಲಿ ಸಾಲವಿದ್ದರೆ ಅದನ್ನು ಮುರಿದುಕೊಳ್ಳಬಹುದು. 2021ರ ತಿದ್ದುಪಡಿಯ ಪ್ರಕಾರ, ನಿರ್ಬಂಧ ಹಾಕಿದ 90 ದಿನದೊಳಗೆ ವಿಮೆಯ ಹಣ ಸಿಗಬೇಕು. ಅದಕ್ಕೆ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ, ಗುರುತಿನ ದಾಖಲೆ, ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇದಕ್ಕೆ ಶುಲ್ಕವಿಲ್ಲ. ‘ಬೇಗ ಬಿಡಿಸಿಕೊಡುತ್ತೇನೆ’ ಎಂದು ಕಮಿಷನ್ ಅಥವಾ ಓಟಿಪಿ ಕೇಳುವವರನ್ನು ಬಾಗಿಲಲ್ಲೇ ಕಳಿಸಿ.

ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಪತ್ತಿನ ಸೌಹಾರ್ದ ಸಹಕಾರಿ, ಚೀಟಿ ಇವುಗಳಿಗೆ ಈ ವಿಮೆ ಇಲ್ಲ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದು ಕರು ಮಾರಿದ ಹಣವನ್ನೆಲ್ಲ ಅಲ್ಲೇ ಇಡುವ ಮೊದಲು ಇದು ಗೊತ್ತಿರಲಿ.

ಇನ್ನೊಂದು, ನಿಮ್ಮ ಮಹಿಳಾ ಸಂಘದ ಖಾತೆ. ನೂರಾರು ಮನೆಗಳ ಬಟವಾಡೆ ಹಣ ಅದರಲ್ಲಿ ಇದ್ದರೂ ವಿಮೆಯ ಕಣ್ಣಿಗೆ ಸಂಘ ಒಬ್ಬ ಠೇವಣಿದಾರ ಮಾತ್ರ; ಸಿಗುವುದು ಅದೇ 5 ಲಕ್ಷ. ಸಂಘದ ಹಣ ಯಾವ ಯಾವ ಬ್ಯಾಂಕಿನಲ್ಲಿ ಎಷ್ಟೆಷ್ಟು ಇದೆ ಎಂದು ಈ ಸಲದ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ. ಎಲ್ಲ ಒಂದೇ ಕಡೆ ಇದ್ದರೆ ಎರಡನೆಯ ಖಾತೆ ತೆರೆಯಲು ಅದೇ ಸಭೆಯಲ್ಲಿ ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ.