ಬಾಲ್ಯದ ದಾರಿದ್ರ್ಯ, ಹಿಂಸೆ ಮತ್ತು ತರುಣರ ಮನಃಸ್ವಾಸ್ಥ್ಯ

ತರುಣರ ಮನೋವ್ಯಾಧಿಗಳ ಮೂಲವನ್ನು ಅವರ ಬಾಲ್ಯದಲ್ಲಿ ಅರಸಬೇಕೆಂಬುದು ಹೊಸ ಮಾತೇನೂ ಅಲ್ಲ. ಆದರೆ ಬಾಲ್ಯದ ಯಾವ ಅಂಶವು ಎಷ್ಟರಮಟ್ಟಿಗೆ ಕಾರಣವೆಂದು ನಿರ್ಣಯಿಸುವುದು ಸುಲಭಸಾಧ್ಯವಲ್ಲ. ದಾರಿದ್ರ್ಯವೂ ಹಿಂಸೆಯೂ ಅನೇಕ ವೇಳೆ ಒಂದೇ ಸೂರಿನಡಿಯಲ್ಲಿ ಇರುತ್ತವೆ. ಅಲ್ಲದೆ, ದಾರಿದ್ರ್ಯವು ಮನೋವ್ಯಾಧಿಯನ್ನು ಉಂಟುಮಾಡುತ್ತದೆಯೋ, ಮನೋವ್ಯಾಧಿಗೆ ಈಡಾದ ಕುಟುಂಬವೇ ದಾರಿದ್ರ್ಯಕ್ಕೆ ಇಳಿಯುತ್ತದೆಯೋ ಎಂಬ ಸಂದೇಹವೂ ಉಂಟು. ಪ್ರಯೋಗದಿಂದ ಇದನ್ನು ಬಗೆಹರಿಸುವಂತಿಲ್ಲ. ಮಕ್ಕಳನ್ನು ಬೇಕೆಂದೇ ಬಡತನಕ್ಕೆ ನೂಕಿ ಪರೀಕ್ಷಿಸಲು ಯಾವ ಶಾಸ್ತ್ರಜ್ಞನಿಗೂ ಅಧಿಕಾರವಿಲ್ಲ.

ಆದರೆ ಅಂಥ ಪ್ರಯೋಗವೊಂದು ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಪಶ್ಚಿಮದ ಬೆಟ್ಟನಾಡಿನಲ್ಲಿ ತಾನಾಗಿಯೇ ಒದಗಿತು. ಜೇನ್ ಕಾಸ್ಟೆಲೊ ಮತ್ತು ಅವರ ಸಹೋದ್ಯೋಗಿಗಳು 1993ರಿಂದ ಅಲ್ಲಿನ 1,420 ಮಕ್ಕಳ ಮನಃಸ್ಥಿತಿಯನ್ನು ಪರೀಕ್ಷಿಸುತ್ತ ಬಂದಿದ್ದರು. ಇವರಲ್ಲಿ ಸುಮಾರು ಕಾಲುಭಾಗ ಮೂಲನಿವಾಸಿಗಳ ಮಕ್ಕಳು. 1996ರಲ್ಲಿ ಚೆರೊಕೀ ಜನರ ನೆಲದಲ್ಲಿ ಜೂಜುಗೃಹವೊಂದು ತೆರೆದು, ಅದರ ಲಾಭದ ಒಂದಂಶ ಆ ಜನಾಂಗದ ಪ್ರತಿಯೊಬ್ಬ ಸದಸ್ಯನಿಗೂ ಹಂಚಿಕೆಯಾಗತೊಡಗಿತು. ಈ ಹಣ ಯಾರ ಯೋಗ್ಯತೆಯನ್ನಾಗಲಿ ಪರಿಶ್ರಮವನ್ನಾಗಲಿ ನೋಡಿ ಬಂದುದಲ್ಲ. ಆದುದರಿಂದಲೇ ಮೇಲೆ ಹೇಳಿದ ಸಂದೇಹಕ್ಕೆ ಇಲ್ಲಿ ಹೆಚ್ಚು ಎಡೆಯಿಲ್ಲ.

2003ರಲ್ಲಿ ಪ್ರಕಟವಾದ ಫಲಿತಾಂಶ ಗಮನಾರ್ಹವಾದುದು. ಬಡತನದಿಂದ ಮೇಲೆದ್ದ ಕುಟುಂಬಗಳ ಮಕ್ಕಳಲ್ಲಿ ಹಟ, ಆಕ್ರಮಣ ಮೊದಲಾದ ನಡತೆಯ ದೋಷಗಳು ತಗ್ಗಿ, ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಬಂದವು. ಬಡವರಾಗಿಯೇ ಉಳಿದವರಲ್ಲಿ ಅವು ತಗ್ಗಲಿಲ್ಲ. ಆದರೆ ಖಿನ್ನತೆ ಮತ್ತು ಆತಂಕಗಳ ಮೇಲೆ ಹಣದ ಪ್ರಭಾವ ಅಷ್ಟಾಗಿ ಕಾಣಲಿಲ್ಲ. ಸುಧಾರಣೆಯ ಬಹುಪಾಲಿಗೆ ಕಾರಣ ತಾಯಿತಂದೆಗಳಿಗೆ ಮಕ್ಕಳ ಮೇಲ್ವಿಚಾರಣೆಗೆ ದೊರೆತ ಅವಕಾಶವೆಂದು ಸಂಶೋಧಕರು ಕಂಡುಕೊಂಡರು. ದಾರಿದ್ರ್ಯವು ಮಗುವಿನ ಅನ್ನವನ್ನು ಮಾತ್ರವಲ್ಲದೆ, ಹೆತ್ತವರ ಗಮನವನ್ನೂ ಕಸಿದುಕೊಳ್ಳುತ್ತದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಹಾಗಾದರೆ ಹಿಂಸೆಯ ಪರಿಣಾಮವು ದಾರಿದ್ರ್ಯದ ನೆರಳು ಮಾತ್ರವೋ? ಅಲ್ಲವೆಂಬುದಕ್ಕೆ ವಿನ್ಸೆಂಟ್ ಫೆಲಿಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನವೇ ಸಾಕ್ಷಿ. ಸ್ಯಾನ್ ಡಿಯಾಗೊ ನಗರದಲ್ಲಿ ಅವರು ಪ್ರಶ್ನಿಸಿದವರು ಬಹುತೇಕ ವಿಮಾಸೌಲಭ್ಯವುಳ್ಳ ಮಧ್ಯಮವರ್ಗದ ವಯಸ್ಕರು. ಬಾಲ್ಯದಲ್ಲಿ ಹೊಡೆತ, ಲೈಂಗಿಕ ಪೀಡನೆ, ತಾಯಿಯ ಮೇಲಿನ ಹಲ್ಲೆಯ ದರ್ಶನ ಮೊದಲಾದ ಏಳು ಬಗೆಯ ಕಷ್ಟಗಳಲ್ಲಿ ನಾಲ್ಕನ್ನಾದರೂ ಕಂಡವರಲ್ಲಿ ಮದ್ಯವ್ಯಸನ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಸಂಭವ, ಯಾವುದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಾಗಿತ್ತು. ಇದು ನೆನಪನ್ನು ಆಧರಿಸಿದ ಅಧ್ಯಯನವಾದ ಕಾರಣ ಅಂಕಿಗಳನ್ನು ಎಚ್ಚರದಿಂದ ಗ್ರಹಿಸಬೇಕು. ಆದರೂ ಕಷ್ಟಗಳ ಸಂಖ್ಯೆ ಏರಿದಂತೆ ಅಪಾಯವೂ ಏರುವುದೆಂಬ ಸಾಮಾನ್ಯ ನಿರ್ಣಯವನ್ನು ಅನಂತರದ ಸಂಶೋಧನೆಗಳು ಪುಷ್ಟೀಕರಿಸಿವೆ.

ಇದರ ದೈಹಿಕ ಕ್ರಮವೂ ಕೆಲಮಟ್ಟಿಗೆ ತಿಳಿದಿದೆ. ಭಯವೊದಗಿದಾಗ ದೇಹದಲ್ಲಿ ಕಾರ್ಟಿಸಾಲ್ ಮೊದಲಾದ ರಸಗಳು ಹೆಚ್ಚುತ್ತವೆ. ಭಯ ನೀಗಿದೊಡನೆ ತಗ್ಗುತ್ತವೆ. ಭಯವೇ ನಿತ್ಯವಾದ ಮನೆಯಲ್ಲಿ ಈ ಏರಿಳಿತದ ಕ್ರಮ ಕೆಡುತ್ತದೆ. ಅಲ್ಲಿ ಬೆಳೆದ ಮಗುವಿನ ಮಿದುಳು ಕೋಪದ ಮುಖವನ್ನು ಬೇಗನೆ ಗುರುತಿಸಲು ಕಲಿಯುತ್ತದೆ. ಮನೆಯಲ್ಲಿ ರಕ್ಷಣೆಯಾಗಿದ್ದ ಈ ಎಚ್ಚರವೇ ತರಗತಿಯಲ್ಲಿ ಅನವಧಾನವೆಂದೋ ಉದ್ಧಟತನವೆಂದೋ ಕಾಣಿಸಿಕೊಳ್ಳುತ್ತದೆ.

ನಮ್ಮ ದೇಶಕ್ಕೂ ಈ ವಿಷಯ ದೂರದ್ದಲ್ಲ. 2007ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾದವರೆಂದು ತಿಳಿದುಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ ಸುಮಾರು ಏಳು ಮಂದಿ ಮನೋವ್ಯಾಧಿಗೆ ಈಡಾಗಿದ್ದರು.

ಆದರೂ ಬಾಲ್ಯವನ್ನು ವಿಧಿಯೆಂದು ಭಾವಿಸಲಾಗದು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳನ್ನು ಎಮಿ ವರ್ನರ್ ದಶಕಗಳ ಕಾಲ ಅನುಸರಿಸಿದರು. ಬಡತನ, ಗೃಹಕಲಹ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದವರಲ್ಲಿ ಮೂರನೆಯ ಒಂದು ಭಾಗ ಸಮರ್ಥರಾದ, ಸ್ವಸ್ಥರಾದ ವಯಸ್ಕರಾದರು. ಇಂಥವರ ಬಾಳಿನಲ್ಲಿ ನಂಬಿಕೆಗೆ ಅರ್ಹನಾದ ಹಿರಿಯನೊಬ್ಬನಾದರೂ ಇದ್ದನು: ಅಜ್ಜಿ, ನೆರೆಯವ, ಅನೇಕ ವೇಳೆ ಉಪಾಧ್ಯಾಯ. ಕಡೆಯ ಬೆಂಚಿನಲ್ಲಿ ಮೌನವಾಗಿ ಕುಳಿತ ವಿದ್ಯಾರ್ಥಿಯನ್ನು ದಂಡಿಸುವ ಮೊದಲು ಅವನ ಮನೆಯ ಸ್ಥಿತಿಯನ್ನು ವಿಚಾರಿಸುವುದು ಬರಿಯ ದಯೆಯಲ್ಲ. ಈ ಸಂಶೋಧನೆಗಳಿಂದ ನೇರವಾಗಿ ಹೊರಡುವ ಕರ್ತವ್ಯ.