ಹಲ್ಲಿನ ಹೊದಿಕೆ: ಡಾಕ್ಟರನ್ನು ಆರಿಸುವ ಮುನ್ನ



ಉದಗೀರ, ನಿಲಂಗಾ ಕಡೆಯ ನಮ್ಮ ರೈತರಿಗೆ ಎತ್ತು ಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ದೇವಣಿ ಎಂಬ ನಮ್ಮ ಊರಿನ ಹೆಸರೇ ಒಂದು ದನದ ತಳಿಗೆ ಬಂದಿದೆ. ಸಂತೆಗೆ ಹೋದರೆ ಮೊದಲು ಎತ್ತಿನ ಬಾಯಿ ತೆರೆಸುತ್ತೇವೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ನೋಡುತ್ತೇವೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಾರುವವನು ಯಾವ ಊರಿನವನು, ಮಾತಿಗೆ ನಿಲ್ಲುವವನೇ ಎಂದು ವಿಚಾರಿಸುತ್ತೇವೆ. ಆದರೆ ನಮ್ಮದೇ ಬಾಯಿಯ ವಿಷಯ ಬಂದಾಗ ಮಾತ್ರ, ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮೊದಲು ಕಂಡ ಬೋರ್ಡಿನ ಒಳಗೆ ನುಗ್ಗಿಬಿಡುತ್ತೇವೆ. ಇವತ್ತಿನ ನಮ್ಮ ಮಾತು ಈ ಅವಸರದ ಬಗ್ಗೆ.

ಈಗ ಹಳ್ಳಿಯ ಹುಡುಗ ಹುಡುಗಿಯರೂ ಹಲ್ಲಿನ ಅಂದದ ಬಗ್ಗೆ ಯೋಚಿಸುತ್ತಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಗುವಾಗ ಕೈ ಅಡ್ಡ ಹಿಡಿಯುವ ಮಗಳ ಸಂಕೋಚ ತಾಯಿಗೆ ಗೊತ್ತು. ಕನ್ಯೆ ನೋಡಲು ಪಾವಣೆಯರು ಬರುತ್ತಾರೆ ಎಂದರೆ ಆ ಸಂಕೋಚ ಇನ್ನೂ ಹೆಚ್ಚಾಗುತ್ತದೆ. ಆಗ ಯಾರೋ ಹೇಳುತ್ತಾರೆ: "ಅದಕ್ಯಾಕ ಚಿಂತಿ? ಹಲ್ಲಿನ ಮ್ಯಾಲ ಬಿಳಿ ಪದರ ಕೂಡಸ್ತಾರ, ಒಂದ ದಿನದಾಗ ಆಗ್ತದ." ಈ ಬಿಳಿ ಪದರಕ್ಕೆ ಡಾಕ್ಟರರು 'ವೆನೀರ್' ಎನ್ನುತ್ತಾರೆ.

ವೆನೀರ್ ಎಂದರೆ ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುವ ತೆಳುವಾದ ಹೊದಿಕೆ. ಉಗುರಿನಷ್ಟು ತೆಳು, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. 1928ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ಸಿನಿಮಾ ನಟರಿಗಾಗಿ ಇಂಥ ಹೊದಿಕೆ ಮಾಡಿದರು. ಚಿತ್ರೀಕರಣದ ಹೊತ್ತಿಗೆ ಹಾಕಿ ಆಮೇಲೆ ತೆಗೆದಿಡುತ್ತಿದ್ದರು, ಏಕೆಂದರೆ ಗಟ್ಟಿಯಾಗಿ ಅಂಟಿಸುವ ಉಪಾಯ ಆಗ ಇರಲಿಲ್ಲ. 1955ರಲ್ಲಿ ಬುನೊಕೋರ್ ಎಂಬವರು ಹಲ್ಲಿನ ಮೇಲ್ಪದರಕ್ಕೆ ಆಮ್ಲ ಹಚ್ಚಿ ಒರಟು ಮಾಡಿದರೆ ಅಂಟು ಚೆನ್ನಾಗಿ ಹಿಡಿಯುತ್ತದೆ ಎಂದು ತೋರಿಸಿದರು. 1980ರ ದಶಕದಲ್ಲಿ ಪಿಂಗಾಣಿಯ ಹೊದಿಕೆಯನ್ನು ಖಾಯಂ ಆಗಿ ಅಂಟಿಸುವ ಪದ್ಧತಿ ಬಂತು.

ಇಂದು ಎರಡು ಬಗೆ ಇವೆ. ಒಂದು ಪಿಂಗಾಣಿಯದು. ಇದಕ್ಕೆ ಹಲ್ಲಿನ ಅಚ್ಚು ತೆಗೆದು ಪ್ರಯೋಗಶಾಲೆಗೆ ಕಳಿಸಬೇಕು. ಎರಡು ಮೂರು ಸಲ ಹೋಗಬೇಕಾಗುತ್ತದೆ, ಖರ್ಚು ಹೆಚ್ಚು, ಆದರೆ ಸರಿಯಾಗಿ ಮಾಡಿದರೆ ಹತ್ತು ವರ್ಷ, ಅದಕ್ಕೂ ಹೆಚ್ಚು ಬಾಳುತ್ತದೆ. ಇನ್ನೊಂದು 'ಕಾಂಪೊಸಿಟ್' ಎಂಬ ಮೇಣದಂಥ ವಸ್ತುವಿನದು. ಡಾಕ್ಟರು ಕುರ್ಚಿಯ ಬಳಿಯೇ ಹಲ್ಲಿಗೆ ಹಚ್ಚಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರೆ. ಖರ್ಚು ಕಡಿಮೆ, ಒಡೆದರೆ ರಿಪೇರಿ ಸುಲಭ, ಆದರೆ ಬೇಗ ಬಣ್ಣ ಹಿಡಿಯುತ್ತದೆ, ಬೇಗ ಸವೆಯುತ್ತದೆ.

ಇಲ್ಲಿ ಒಂದು ಮಾತನ್ನು ಗಂಟು ಹಾಕಿಕೊಳ್ಳಿ. ಪಿಂಗಾಣಿ ಹೊದಿಕೆ ಕೂರಲು ಬಹಳ ಸಲ ಹಲ್ಲಿನ ಗಟ್ಟಿ ಮೇಲ್ಪದರವನ್ನು, ಅಂದರೆ ಎನಾಮೆಲನ್ನು, ಸ್ವಲ್ಪ ಅರೆಯಬೇಕಾಗುತ್ತದೆ. ಕೂದಲು ಕತ್ತರಿಸಿದರೆ ಬೆಳೆಯುತ್ತದೆ, ಉಗುರು ತೆಗೆದರೆ ಬೆಳೆಯುತ್ತದೆ. ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಅರೆದ ಹಲ್ಲಿಗೆ ಆಯುಷ್ಯವಿಡೀ ಒಂದಲ್ಲ ಒಂದು ಹೊದಿಕೆ ಬೇಕೇ ಬೇಕು. ಇಪ್ಪತ್ತೆರಡರ ಹುಡುಗಿ ಇಂದು ಮಾಡಿಸಿಕೊಂಡರೆ ನಡುವಯಸ್ಸಿನಲ್ಲಿ ಒಮ್ಮೆ, ಮುಪ್ಪಿನಲ್ಲಿ ಒಮ್ಮೆ ಬದಲಿಸಬೇಕಾದೀತು. ಆ ಖರ್ಚನ್ನೂ ಇಂದೇ ಲೆಕ್ಕ ಹಾಕಬೇಕು.

ಹಾಗಾದರೆ ಮೊದಲ ಪ್ರಶ್ನೆ: ನಮಗೆ ಇದು ಬೇಕೆ? ಹಲ್ಲು ಯಾಕೆ ಕೆಟ್ಟು ಕಾಣುತ್ತಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ನಮ್ಮ ಕಡೆ ಹೆಂಗಸರು ಮಿಶ್ರಿ ತಿಕ್ಕುತ್ತಾರೆ, ಗಂಡಸರು ತಂಬಾಕು ಸುಣ್ಣ ತಿಕ್ಕಿ ತುಟಿಯಲ್ಲಿಡುತ್ತಾರೆ. ಗುಟ್ಕಾವನ್ನು ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ನಿಷೇಧಿಸಿದವು, ಆದರೂ ಚಟ ಹೋಗಿಲ್ಲ. ಇವುಗಳ ಕಪ್ಪು, ಕಂದು ಕಲೆ ಹಲ್ಲಿನ ಮೇಲೆ ಕೂತಿರುತ್ತದೆ. ಒಮ್ಮೆ ಯಂತ್ರದಿಂದ ಹಲ್ಲು ಸ್ವಚ್ಛ ಮಾಡಿಸಿ ಪಾಲಿಶ್ ಹಾಕಿಸಿದರೆ ಬಹುಪಾಲು ಹೋಗುತ್ತದೆ. ಅದಕ್ಕೆ ವೆನೀರ್ ಬೇಕಿಲ್ಲ.

ಇನ್ನು ಕೆಲವರಿಗೆ ಹುಟ್ಟಿ ಬೆಳೆದ ಊರಿನ ನೀರಿನಿಂದಲೇ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಕಂದು ಮಚ್ಚೆ ಬರುತ್ತವೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹೀಗಾಗುತ್ತದೆ. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ವರೆಗೆ ನಡೆಯುತ್ತದೆ. ಈ ಕಲೆ ಬೀಳುವುದು ಹಲ್ಲು ದವಡೆಯೊಳಗೆ ತಯಾರಾಗುವ ಎಳೆವಯಸ್ಸಿನಲ್ಲಿ, ಸುಮಾರು ಎಂಟು ವರ್ಷದೊಳಗೆ. ಒಂದೇ ಓಣಿಯ ಮಕ್ಕಳಿಗೆಲ್ಲ ಇಂಥ ಮಚ್ಚೆ ಕಂಡರೆ ಡಾಕ್ಟರಿಗಿಂತ ಮೊದಲು ಗ್ರಾಮಪಂಚಾಯಿತಿಗೆ ಹೋಗಿ, ಬೋರಿನ ನೀರು ಪರೀಕ್ಷೆ ಮಾಡಿಸಿ. ಸೌಮ್ಯವಾದ ಕಲೆಗಳಿಗೆ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ತೆಗೆಯುವ, ಔಷಧದಿಂದ ಬಿಳಿ ಮಾಡುವ ಉಪಾಯಗಳಿವೆ. ಆಳವಾದ ಕಲೆ, ಮುಕ್ಕಾದ ಹಲ್ಲು, ನಡುವೆ ಸಂದು, ಇಂಥಲ್ಲಿ ವೆನೀರ್ ಉಪಯೋಗಕ್ಕೆ ಬರುತ್ತದೆ. ಹಲ್ಲು ತೀರಾ ವಕ್ರವಾಗಿದ್ದರೆ ತಂತಿ ಹಾಕಿ ಸರಿ ಮಾಡುವುದೇ ಮೇಲು. ಅದು ನಿಧಾನ, ಆದರೆ ಹಲ್ಲು ಉಳಿಯುತ್ತದೆ.

ಈಗ ಡಾಕ್ಟರ ಆಯ್ಕೆಗೆ ಬರೋಣ.

ಮೊದಲನೆಯದು, ಅವರು ನಿಜವಾಗಿ ಡಾಕ್ಟರೇ? ಜಾತ್ರೆಯಲ್ಲಿ, ಬಾಡಿಗೆ ಖೋಲಿಯಲ್ಲಿ, 'ಅಜ್ಜನ ಕಾಲದಿಂದ ಇದೇ ಧಂದೆ' ಎಂದು ಹಲ್ಲು ಕಟ್ಟುವವರಿದ್ದಾರೆ. ಅವರು ಹಲ್ಲಿನ ಮೇಲೆ ಪ್ಲಾಸ್ಟಿಕ್ಕಿನಂಥ ಹಿಟ್ಟು ಮೆತ್ತಿ, ಪಕ್ಕದ ಹಲ್ಲಿಗೆ ತಂತಿ ಸುತ್ತಿ ಕಳಿಸುತ್ತಾರೆ. ಆ ದಿನ ಕನ್ನಡಿಯಲ್ಲಿ ಚಂದ ಕಾಣುತ್ತದೆ. ಕೆಲವು ತಿಂಗಳಲ್ಲಿ ಒಳಗೆ ಅನ್ನ ಸಿಕ್ಕು ಕೊಳೆತು, ಒಸಡು ಬಾತು, ಬಾಯಿ ವಾಸನೆ ಹಿಡಿಯುತ್ತದೆ. ಆ ಪದರ ಕಿತ್ತರೆ ಕೆಳಗಿನ ಒಳ್ಳೆಯ ಹಲ್ಲು ಹುಳುಕಾಗಿರುತ್ತದೆ. ಲಗ್ನಕ್ಕೆಂದು ಮಾಡಿಸಿದ್ದು ಲಗ್ನವಾದ ವರ್ಷವೇ ಹಲ್ಲು ಕೀಳಿಸುವ ಹಂತಕ್ಕೆ ತಂದಿಡುತ್ತದೆ.

ದಂತವೈದ್ಯರೆಂದರೆ ಬಿ.ಡಿ.ಎಸ್. ಓದಿದವರು, ನಾಲ್ಕು ವರ್ಷದ ಓದು, ಮೇಲೆ ಒಂದು ವರ್ಷ ಆಸ್ಪತ್ರೆಯ ತರಬೇತಿ. ಎಂ.ಡಿ.ಎಸ್. ಎಂದರೆ ಅದರ ಮೇಲೆ ಇನ್ನೂ ಮೂರು ವರ್ಷ. ಎಂ.ಡಿ.ಎಸ್.ನಲ್ಲಿಯೂ ವಿಷಯಗಳು ಬೇರೆ ಬೇರೆ. ಕೃತಕ ಹಲ್ಲು, ಕ್ಯಾಪುಗಳ ವಿಷಯವನ್ನು 'ಪ್ರೊಸ್ಥೊಡಾಂಟಿಕ್ಸ್' ಎನ್ನುತ್ತಾರೆ. ಹಲ್ಲು ತುಂಬುವ, ರೂಟ್ ಕೆನಾಲ್ ಮಾಡುವ ವಿಷಯವನ್ನು 'ಕನ್ಸರ್ವೇಟಿವ್ ಡೆಂಟಿಸ್ಟ್ರಿ' ಎನ್ನುತ್ತಾರೆ. ವೆನೀರಿನ ಕೆಲಸವನ್ನು ವಿಶೇಷವಾಗಿ ಕಲಿತವರು ಈ ಎರಡು ಶಾಖೆಯವರು. ಅನುಭವವಿರುವ ಬಿ.ಡಿ.ಎಸ್. ಡಾಕ್ಟರರೂ ಚೆನ್ನಾಗಿ ಮಾಡುತ್ತಾರೆ. ಬೋರ್ಡಿನಲ್ಲಿ 'ಸ್ಮೈಲ್ ಸ್ಪೆಷಲಿಸ್ಟ್' ಎಂದು ಬರೆದಿದ್ದರೆ ಅದು ಪದವಿಯಲ್ಲ, ಜಾಹೀರಾತು.

1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೂ ರಾಜ್ಯದ ದಂತ ಪರಿಷತ್ತಿನಲ್ಲಿ ನೋಂದಣಿ ಆಗಬೇಕೆಂಬ ನಿಯಮವಿದೆ. ಆ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು, ಅದರಲ್ಲಿಯೂ ನೋಂದಣಿ ಬಿಟ್ಟಿಲ್ಲ. ಗಡಿಯ ನಮಗೆ ಇದೊಂದು ಅನುಕೂಲ: ಕನ್ನಡದಲ್ಲೂ ಮರಾಠಿಯಲ್ಲೂ ಮಾತು ಒಂದೇ, 'ನೋಂದಣಿ ಕ್ರಮಾಂಕ'. ಗೋಡೆಯ ಮೇಲಿನ ಪ್ರಮಾಣಪತ್ರ ನೋಡಿ. ಕಾಣದಿದ್ದರೆ ಕೇಳಿ, ಯಾವ ರಾಜ್ಯದ್ದು ಎಂದೂ ಕೇಳಿ. ನಿಜವಾದ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ.

ಎರಡನೆಯದು, ಅವರು ಮೊದಲು ಏನು ನೋಡುತ್ತಾರೆ? ಮುಂದಿನ ನಾಲ್ಕು ಹಲ್ಲು ನೋಡಿ ತಕ್ಷಣ ರೇಟು ಹೇಳುವವರಿಂದ ದೂರವಿರಿ. ಒಳ್ಳೆಯ ಡಾಕ್ಟರು ಇಡೀ ಬಾಯಿ ನೋಡುತ್ತಾರೆ: ನಾಲಿಗೆಯ ಬದಿ, ಕೆನ್ನೆಯ ಒಳಭಾಗ, ಒಸಡು. ಒಸಡಿಗೆ ಮರಾಠಿಯಲ್ಲಿ 'ಹಿರಡಿ' ಎನ್ನುತ್ತೇವಲ್ಲ, ಅದರಿಂದ ರಕ್ತ ಬರುತ್ತಿದ್ದರೆ ಮೊದಲು ಅದರ ಚಿಕಿತ್ಸೆ. ಹುಳುಕಿದ್ದರೆ ಮೊದಲು ಅದನ್ನು ತುಂಬುವುದು. ಬೇಕಿದ್ದಲ್ಲಿ ಸಣ್ಣ ಎಕ್ಸ್-ರೇ. ರಾತ್ರಿ ಹಲ್ಲು ಕಡಿಯುವ ಅಭ್ಯಾಸ ಇದೆಯೇ ಎಂದು ಕೇಳುತ್ತಾರೆ, ಏಕೆಂದರೆ ಹಲ್ಲು ಕಡಿಯುವವರ ಬಾಯಲ್ಲಿ ಪಿಂಗಾಣಿ ಒಡೆಯುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ ಸಾಮಾನ್ಯವಾಗಿ 'ಈಗ ಬೇಡ' ಎನ್ನುತ್ತಾರೆ.

ತಂಬಾಕು, ಮಿಶ್ರಿ ಬಳಸುವವರಿಗೆ ಈ ತಪಾಸಣೆ ಅಂದಕ್ಕಿಂತ ದೊಡ್ಡದು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಲ್ಲಿ ಹಿಡಿಸುತ್ತವೆಯೇ ನೋಡಿಕೊಳ್ಳಿ. ಹಿಡಿಸದಿದ್ದರೆ, ಖಾರ ತಿಂದರೆ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ವೆನೀರಿನ ಮಾತು ಬದಿಗಿಡಿ. ಅದು ಕ್ಯಾನ್ಸರಿನ ಮುನ್ಸೂಚನೆ ಇರಬಹುದು. ಹೊದಿಕೆ ಹಾಕಿಸಲು ಹೋದಾಗ ಇದು ಸಿಕ್ಕಿಬಿದ್ದರೆ ಜೀವ ಉಳಿಯುತ್ತದೆ. ಕೆನ್ನೆಯೊಳಗೆ ನೋಡದ ಡಾಕ್ಟರು ಬಿಳಿ ಹಲ್ಲು ಕೊಟ್ಟು ಕಳಿಸಬಹುದು, ರೋಗ ಒಳಗೇ ಬೆಳೆಯುತ್ತದೆ.

ಮೂರನೆಯದು, ಸ್ವಚ್ಛತೆ. ಉಪಕರಣಗಳನ್ನು ಬಿಸಿನೀರಲ್ಲಿ ಅದ್ದಿದರೆ ಸಾಲದು. ಆಟೊಕ್ಲೇವ್ ಎಂಬ ಯಂತ್ರದಲ್ಲಿ, ನಮ್ಮ ಕುಕ್ಕರಿನ ತತ್ವದ ಮೇಲೆ, 121 ಡಿಗ್ರಿ ಅಥವಾ ಅದಕ್ಕೂ ಮೇಲಿನ ಹಬೆಯಲ್ಲಿ ಅವನ್ನು ಕಾಯಿಸಬೇಕು. ಇಲ್ಲದಿದ್ದರೆ ಒಬ್ಬರ ರಕ್ತದಿಂದ ಇನ್ನೊಬ್ಬರಿಗೆ ಕಾಮಾಲೆ ಬಿ ಹರಡಬಹುದು. ಉಪಕರಣದ ಪೊಟ್ಟಣವನ್ನು ನಿಮ್ಮ ಎದುರೇ ಒಡೆಯುತ್ತಾರೆಯೇ, ಕೈಗವಸು ಹೊಸದೇ, ಕಣ್ಣಿಟ್ಟು ನೋಡಿ.

ನಾಲ್ಕನೆಯದು, ಪ್ರಶ್ನೆಗೆ ಉತ್ತರ. ಈ ಐದು ಕೇಳಿ: ವೆನೀರ್ ಬಿಟ್ಟು ಬೇರೆ ಉಪಾಯ ಏನಿದೆ? ನನ್ನ ಹಲ್ಲು ಎಷ್ಟು ಅರೆಯುತ್ತೀರಿ? ನೀವೇ ಮಾಡಿದ, ಕೆಲವು ವರ್ಷ ಹಳೆಯದಾದ ಕೆಲಸದ ಫೋಟೊ ತೋರಿಸುತ್ತೀರಾ? ಒಡೆದರೆ, ಬಿಚ್ಚಿದರೆ ಯಾರ ಖರ್ಚು? ಒಟ್ಟು ಎಷ್ಟು ಹಣ, ಎಷ್ಟು ಸಲ ಬರಬೇಕು? ಕೆಲವರು ವೆನೀರ್ ಎಂದು ಹೇಳಿ, ಹಲ್ಲನ್ನು ಸುತ್ತಲೂ ಅರೆದು ಕ್ಯಾಪು ಹಾಕುತ್ತಾರೆ. ಕ್ಯಾಪಿಗೆ ಹಲ್ಲಿನ ಅರ್ಧಕ್ಕೂ ಹೆಚ್ಚು ಭಾಗ ಹೋಗಬಹುದು. ಎರಡರ ನಡುವೆ ಅಂಗಿಗೂ ಚರ್ಮಕ್ಕೂ ಇರುವಷ್ಟು ಅಂತರವಿದೆ. ಅರೆಯುವ ಮೊದಲೇ ಮೇಣದ ಅಚ್ಚಿನ ಮೇಲೆ ಅಥವಾ ಬಾಯಲ್ಲೇ ತಾತ್ಪೂರ್ತಿಕವಾಗಿ ಆಕಾರ ತೋರಿಸಿ ಎಂದು ಕೇಳಿ. ಬಣ್ಣವನ್ನು ಹಗಲ ಬೆಳಕಿನಲ್ಲಿ, ಮನೆಯವರೊಬ್ಬರನ್ನು ಪಕ್ಕ ನಿಲ್ಲಿಸಿಕೊಂಡು ಆರಿಸಿ. ಸುಣ್ಣ ಬಳಿದ ಗೋಡೆಯಷ್ಟು ಬಿಳಿ ಬೇಡ, ಪಕ್ಕದ ಹಲ್ಲಿಗೆ ಹೊಂದಬೇಕು.

ಒಬ್ಬರ ಮಾತಿಗೇ ನಿಲ್ಲಬೇಡಿ. ಲಾತೂರ, ಬೀದರ, ಕಲಬುರಗಿಗಳಲ್ಲಿ ದಂತ ಕಾಲೇಜುಗಳಿವೆ, ಛತ್ರಪತಿ ಸಂಭಾಜಿನಗರದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಅಲ್ಲಿ ಕಲಿಯುವವರು ಮಾಡಿದರೂ ಮೇಲೆ ಗುರುಗಳ ಕಣ್ಣಿರುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಉದಗೀರದವರಿಗೆ ಭಾಲ್ಕಿಯ ಮೇಲೆ ಬೀದರಿಗೆ ರೈಲೇ ಇದೆ. ಎರಡನೆಯ ಅಭಿಪ್ರಾಯಕ್ಕೆ ಒಂದು ದಿನದ ಕೂಲಿ ಹೋದರೂ ನಷ್ಟವಲ್ಲ.

ಐದನೆಯದು, ಕಾಗದ. ಸಮ್ಮತಿಪತ್ರಕ್ಕೆ ಸಹಿ ಹಾಕುವ ಮೊದಲು ಓದಿಸಿ ಕೇಳಿ. ಹಣ ಕೊಟ್ಟ ಮೇಲೆ 'ಪಾವತಿ' ಕೇಳಿ ಪಡೆಯಿರಿ. ಎಕ್ಸ್-ರೇ, ಫೋಟೊ ಎಲ್ಲ ಇಟ್ಟುಕೊಳ್ಳಿ. ದುಡ್ಡು ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗಡಿಯವರಿಗೆ ಇನ್ನೊಂದು ದಾರಿ ತೆರೆಯಿತು: ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕಿತ್ಸೆ ಬೀದರಿನಲ್ಲಾಗಿದ್ದರೂ ನಿಲಂಗಾದವರು ಲಾತೂರಿನಲ್ಲಿ, ಉಮರಗಾದವರು ಧಾರಾಶಿವದಲ್ಲಿ ಜಿಲ್ಲಾ ಆಯೋಗದ ಮುಂದೆ ಹೋಗಬಹುದು. ಗಡುವು ಎರಡು ವರ್ಷ. ಆದರೆ ಕಾಗದವಿಲ್ಲದೆ ಹೋದರೆ ನಿಮ್ಮ ಮಾತಿಗೆ ಆಧಾರವಿರುವುದಿಲ್ಲ.

ಹೊದಿಕೆ ಕೂತ ಮೇಲೆ ನಿಮ್ಮ ಕೆಲಸ ಶುರು. ಕಬ್ಬು ಸಿಗಿಯುವುದು, ಅಡಿಕೆ ಒಡೆಯುವುದು, ಹಲ್ಲಿನಿಂದ ದಾರ ಹರಿಯುವುದು, ಬಾಟಲಿ ಮುಚ್ಚಳ ತೆಗೆಯುವುದು ಬಂದ್. ಮಿಶ್ರಿ, ತಂಬಾಕು ಬಂದ್. ಎರಡು ಹೊತ್ತು ಮೆತ್ತನೆಯ ಬ್ರಷ್ಷಿನಿಂದ ತಿಕ್ಕಬೇಕು, ಆರು ತಿಂಗಳಿಗೊಮ್ಮೆ ತೋರಿಸಬೇಕು. ಹೊದಿಕೆಗೆ ಹುಳುಕು ಹತ್ತುವುದಿಲ್ಲ, ಆದರೆ ಅದರ ಅಂಚಿನ ಕೆಳಗಿನ ಹಲ್ಲಿಗೆ ಹತ್ತುತ್ತದೆ.

ಕೇಳುಗರೇ, ಲಗ್ನದ ತಾರೀಖು ಹತ್ತಿರ ಬಂತೆಂದು ಅವಸರ ಮಾಡಬೇಡಿ. ಮಗಳಿಗೆ ಇಂದು ಒಂದು ಫೋಟೊಕ್ಕೆ ಬೇಕಾದ ಹಲ್ಲು, ಮುಂದೆ ಐವತ್ತು ವರ್ಷ ರೊಟ್ಟಿ ಕಡಿಯಲೂ ಬೇಕು. ಎತ್ತು ಕೊಂಡದ್ದು ತಪ್ಪಾದರೆ ಮುಂದಿನ ಸಂತೆಯಲ್ಲಿ ಮಾರಬಹುದು. ಅರೆದ ಹಲ್ಲನ್ನು ಯಾವ ಸಂತೆಯೂ ಮರಳಿ ಕೊಡುವುದಿಲ್ಲ. ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲು ಪ್ರಶ್ನೆ ಕೇಳಲು ಒಮ್ಮೆ ಬಾಯಿ ತೆರೆಯಿರಿ.